ಯೂರಾಲಜಿ ಇ-ಕನ್ಸಲ್ಟ್: ಪ್ರಶ್ನೆ ಬರೆಯುವಲ್ಲಿಂದ ಉತ್ತರ ಜಾರಿಯಾಗುವವರೆಗೆ

ಮೂತ್ರದಲ್ಲಿ ನಾಲ್ಕಾರು ಕೆಂಪು ರಕ್ತಕಣ, ಗೆರೆ ದಾಟಿದ ಪಿಎಸ್‌ಎ (ಪ್ರಾಸ್ಟೇಟ್ ಗ್ರಂಥಿಯಿಂದ ರಕ್ತಕ್ಕೆ ಸೇರುವ ಪ್ರೋಟೀನಿನ ಮಟ್ಟ), ಬೇರಾವುದಕ್ಕೋ ಮಾಡಿಸಿದ ಸ್ಕ್ಯಾನಿನಲ್ಲಿ ಕಂಡ ಕಿಡ್ನಿಯ ಸಿಸ್ಟ್ (ದ್ರವ ತುಂಬಿದ ಗುಳ್ಳೆ). ಪ್ರಾಥಮಿಕ ವೈದ್ಯರಿಂದ ಯೂರಾಲಜಿಗೆ (ಮೂತ್ರಾಂಗ ಮತ್ತು ಪುರುಷ ಜನನಾಂಗಗಳ ವಿಭಾಗ) ಹೋಗುವ ರೆಫರಲ್‌ಗಳಲ್ಲಿ ಇಂಥವು ಬಹಳ. ಇವುಗಳಲ್ಲಿ ಹಲವಕ್ಕೆ ತಜ್ಞರು ರೋಗಿಯನ್ನು ಕಣ್ಣಾರೆ ನೋಡಬೇಕಿಲ್ಲ. ಬೇಕಾದ ವರದಿಗಳು ಎದುರಿಗಿದ್ದರೆ ಮುಂದಿನ ದಾರಿಯನ್ನು ಬರಹದಲ್ಲೇ ಹೇಳಬಹುದು. ಹೀಗೆ ವೈದ್ಯರಿಂದ ವೈದ್ಯರಿಗೆ, ರೋಗಿಯ ಕಡತದ ಮೂಲಕ, ಇಬ್ಬರೂ ತಮ್ಮ ತಮ್ಮ ಬಿಡುವಿನಲ್ಲಿ ನಡೆಸುವ ಲಿಖಿತ ಸಮಾಲೋಚನೆಯೇ ಇ-ಕನ್ಸಲ್ಟ್. ಸ್ಯಾನ್ ಫ್ರಾನ್ಸಿಸ್ಕೋ ಜನರಲ್ ಆಸ್ಪತ್ರೆಯಲ್ಲಿ 2005ರಲ್ಲಿ ಇದರ ಒಂದು ರೂಪ ಶುರುವಾಯಿತು. ಕೆನಡಾದ ಒಂಟಾರಿಯೋದಲ್ಲಿ 2010ರಿಂದ ನಡೆಯುತ್ತಿದೆ.

ವಿಡಿಯೋ ಕಾಲ್ ಬೇರೆ, ಇದು ಬೇರೆ. ಇಲ್ಲಿ ರೋಗಿ ತಜ್ಞರ ಮುಂದೆ ಬರುವುದೇ ಇಲ್ಲ. ತಜ್ಞರಿಗೆ ಪ್ರಾಥಮಿಕ ವೈದ್ಯರಾದ ನೀವು ಕಳಿಸಿದ್ದಷ್ಟೇ ಕಾಣುತ್ತದೆ. ಹಾಗಾಗಿ ಉತ್ತರದ ಗುಣಮಟ್ಟ ಮುಕ್ಕಾಲು ಪಾಲು ಪ್ರಶ್ನೆಯಲ್ಲೇ ತೀರ್ಮಾನವಾಗಿರುತ್ತದೆ.

1. ಮೊದಲು, ಕಳಿಸಬಾರದವನ್ನು ಬೇರ್ಪಡಿಸಿ

ಕೇಳಿಕೊಳ್ಳಬೇಕಾದ ಪ್ರಶ್ನೆ ಒಂದೇ: ಈ ಉತ್ತರ ಒಂದು ವಾರ ತಡವಾದರೆ ರೋಗಿಗೆ ಹಾನಿಯಾಗುತ್ತದೆಯೇ? ಆಗುವುದಾದರೆ ಫೋನ್ ಎತ್ತಿ, ಇಲ್ಲವೇ ತುರ್ತು ವಿಭಾಗಕ್ಕೆ ಕಳಿಸಿ. ಕೆಳಗಿನವು ಇ-ಕನ್ಸಲ್ಟ್ ಪೆಟ್ಟಿಗೆಗೆ ಬೀಳಲೇಬಾರದು:

- ಏಕಾಏಕಿ ಶುರುವಾದ ವೃಷಣದ ನೋವು. ವೃಷಣ ತಿರುಚಿಕೊಂಡಿದ್ದರೆ ಅದನ್ನು ಉಳಿಸಿಕೊಳ್ಳಲು ಸಿಗುವುದು ಸುಮಾರು 6 ಗಂಟೆ. ಅನುಮಾನ ಬಲವಾಗಿದ್ದರೆ ಸ್ಕ್ಯಾನಿಗಾಗಿಯೂ ಕಾಯುವಂತಿಲ್ಲ.
- ಕಲ್ಲಿನಿಂದ ಮೂತ್ರನಾಳ ಕಟ್ಟಿಕೊಂಡು ಜೊತೆಗೆ ಜ್ವರ, ಚಳಿ. ಒಂದೇ ಕಿಡ್ನಿ ಇರುವವರಲ್ಲಿ ಕಟ್ಟಿಕೊಂಡರೆ ಜ್ವರವಿಲ್ಲದಿದ್ದರೂ ಅಷ್ಟೇ ತುರ್ತು.
- ಮೂತ್ರ ಪೂರ್ತಿ ನಿಂತುಹೋಗಿರುವುದು. ರಕ್ತದ ಹೆಪ್ಪುಗಳು ಹೋಗುತ್ತಿರುವುದು.
- 4 ಗಂಟೆ ದಾಟಿದ ಶಿಶ್ನದ ನಿಮಿರುವಿಕೆ. ಹಿಂದೆ ಸರಿದ ಮುಂದೊಗಲು ಮರಳಿ ಬಾರದೆ ಊದಿಕೊಂಡಿರುವುದು.
- ವೃಷಣಚೀಲ ಅಥವಾ ಅದರ ಹಿಂಭಾಗದ ಚರ್ಮ ಕಪ್ಪಾಗಿ, ಮೇಲ್ನೋಟಕ್ಕೆ ಕಾಣುವುದಕ್ಕಿಂತ ನೋವು ವಿಪರೀತವಾಗಿರುವುದು.
- ಪ್ರಾಸ್ಟೇಟ್ ಕ್ಯಾನ್ಸರ್ ಇರುವವರಲ್ಲಿ ಹೊಸ ಬೆನ್ನುನೋವಿನ ಜೊತೆ ಕಾಲಿನ ಶಕ್ತಿ ಕುಂದಿರುವುದು.

ಇನ್ನೊಂದು ಗುಂಪಿದೆ. ತುರ್ತು ಅಲ್ಲ, ಆದರೆ ಇ-ಕನ್ಸಲ್ಟ್‌ನಿಂದ ಬಗೆಹರಿಯುವುದೂ ಇಲ್ಲ: ಕಣ್ಣಿಗೆ ಕಾಣುವಂತೆ ಮೂತ್ರದಲ್ಲಿ ರಕ್ತ ಹೋದವರು, ವೃಷಣದೊಳಗೆ ಗಟ್ಟಿ ಗಡ್ಡೆ ಇರುವವರು, ಸ್ಕ್ಯಾನಿನಲ್ಲಿ ಕಿಡ್ನಿಯ ಘನ ಗಡ್ಡೆ ಕಂಡವರು. ಇವರನ್ನು ನೇರವಾಗಿ ಭೇಟಿಗೇ ಕಳಿಸಿ. ಸಿಸ್ಟೋಸ್ಕೋಪಿ (ಮೂತ್ರಕೋಶದೊಳಗೆ ಕ್ಯಾಮೆರಾ ಹಾಯಿಸಿ ನೋಡುವ ಪರೀಕ್ಷೆ) ಬೇಕೇಬೇಕಾದ ರೋಗಿಯ ವಿಷಯದಲ್ಲಿ ಪ್ರಶ್ನೆ ಬರೆದು ಕೂತರೆ ಬರುವ ಉತ್ತರ "ಕಳಿಸಿಕೊಡಿ" ಎಂಬುದೇ. ಅಷ್ಟರಲ್ಲಿ ಒಂದು ವಾರ ಕಳೆದಿರುತ್ತದೆ, ಸರತಿಯಲ್ಲಿ ರೋಗಿ ಹಿಂದೆ ಬಿದ್ದಿರುತ್ತಾರೆ. ರಕ್ತ ಒಮ್ಮೆ ಕಂಡು ತಾನಾಗಿ ನಿಂತಿದ್ದರೂ ಭೇಟಿ ಬೇಕು. ಮೂತ್ರಕೋಶದ ಕ್ಯಾನ್ಸರ್ ಬಿಟ್ಟು ಬಿಟ್ಟು ರಕ್ತ ಸುರಿಸುವುದು ಮಾಮೂಲು.

2. ಪ್ರಶ್ನೆಯನ್ನು ಮೊದಲ ಸಾಲಿನಲ್ಲೇ ಬರೆಯಿರಿ

"ಪಿಎಸ್‌ಎ ಹೆಚ್ಚಾಗಿದೆ, ದಯವಿಟ್ಟು ಸಲಹೆ ನೀಡಿ." ಇದು ಪ್ರಶ್ನೆಯಲ್ಲ, ಜವಾಬ್ದಾರಿ ದಾಟಿಸುವ ಚೀಟಿ. ಇದನ್ನು ಓದಿದ ತಜ್ಞರು ಕಡತವನ್ನೆಲ್ಲ ತಾವೇ ಕೆದಕಬೇಕು, ಇಲ್ಲವೇ ಸುರಕ್ಷಿತವಾಗಿ "ರೆಫರ್ ಮಾಡಿ" ಎಂದು ಬರೆದು ಮುಗಿಸಬೇಕು. ಬಹುಪಾಲು ಆಗುವುದು ಎರಡನೆಯದೇ.

ಅದೇ ರೋಗಿಯ ಬಗ್ಗೆ ಹೀಗೆ ಬರೆದು ನೋಡಿ:

"ಪ್ರಶ್ನೆ: ಈಗಲೇ ಎಂಆರ್‌ಐ ಮಾಡಿಸಬೇಕೇ, ಅಥವಾ 6 ತಿಂಗಳು ಬಿಟ್ಟು ಪಿಎಸ್‌ಎ ನೋಡಿದರೆ ಸಾಕೇ? 62 ವರ್ಷದ ಪುರುಷ. ಪಿಎಸ್‌ಎ 6.1, ಎಂಟು ವಾರದ ನಂತರ ಮತ್ತೆ ಮಾಡಿಸಿದಾಗ 5.8. ಎರಡು ವರ್ಷದ ಹಿಂದೆ 4.2. ಅಲ್ಟ್ರಾಸೌಂಡಿನಲ್ಲಿ ಪ್ರಾಸ್ಟೇಟ್ ಗಾತ್ರ 58 ಮಿ.ಲೀ. ಬೆರಳಿನ ಪರೀಕ್ಷೆಯಲ್ಲಿ ಗಂಟು ಇಲ್ಲ. ಮೂತ್ರದ ಕಲ್ಚರ್ (ಕ್ರಿಮಿ ಬೆಳೆಸಿ ನೋಡುವ ಪರೀಕ್ಷೆ) ನೆಗೆಟಿವ್. ಫಿನಾಸ್ಟರೈಡ್ ಇಲ್ಲ. ತಂದೆ, ಸೋದರರಿಗೆ ಪ್ರಾಸ್ಟೇಟ್ ಕ್ಯಾನ್ಸರ್ ಇಲ್ಲ. ಹಿಂದೆ ಬಯಾಪ್ಸಿ ಆಗಿಲ್ಲ. ಬೇರೆ ದೊಡ್ಡ ಕಾಯಿಲೆ ಇಲ್ಲ. ಅಗತ್ಯವಿದ್ದರೆ ಬಯಾಪ್ಸಿಗೆ ಒಪ್ಪುತ್ತಾರೆ."

ಹತ್ತು ಹನ್ನೆರಡು ಸಾಲು. ಇದರಲ್ಲಿ ಕೊನೆಯ ವಾಕ್ಯವನ್ನೇ ಹೆಚ್ಚಿನವರು ಮರೆಯುತ್ತಾರೆ. ರೋಗಿಗೆ ಏನು ಬೇಕು, ಏನು ಬೇಡ ಎಂಬುದು ತಜ್ಞರಿಗೆ ಯಾವ ವರದಿಯಿಂದಲೂ ತಿಳಿಯುವುದಿಲ್ಲ. 84 ವರ್ಷದ, ಹೃದಯ ದುರ್ಬಲವಾದ, "ಏನೇ ಬಂದರೂ ಆಪರೇಷನ್ ಬೇಡ" ಎನ್ನುವ ವ್ಯಕ್ತಿಗೆ ಬರುವ ಉತ್ತರವೇ ಬೇರೆ ಇರಬೇಕು.

ಒಂದು ಇ-ಕನ್ಸಲ್ಟ್‌ಗೆ ಒಂದು ಪ್ರಶ್ನೆ, ಹೆಚ್ಚೆಂದರೆ ಎರಡು. ಪಿಎಸ್‌ಎ, ಕಿಡ್ನಿ ಕಲ್ಲು, ನಿಮಿರು ದೌರ್ಬಲ್ಯ ಮೂರನ್ನೂ ಒಟ್ಟಿಗೆ ಕೇಳುವ ಹಂತ ಬಂದಿದೆಯೆಂದರೆ ಆ ರೋಗಿಗೆ ನೇರ ಭೇಟಿಯೇ ಸೂಕ್ತ.

3. ಸಮಸ್ಯೆಗೆ ತಕ್ಕ ಮಾಹಿತಿ ಕೂಡಿಸಿ

ಕಣ್ಣಿಗೆ ಕಾಣದ ರಕ್ತ. ಮೂತ್ರದಲ್ಲಿ ಅದ್ದಿ ನೋಡುವ ಡಿಪ್‌ಸ್ಟಿಕ್ ಪಟ್ಟಿ ಬಣ್ಣ ತಿರುಗಿತೆಂದು ಕಳಿಸಬೇಡಿ. ಸೂಕ್ಷ್ಮದರ್ಶಕದಲ್ಲಿ ಪ್ರತಿ ಹೈ ಪವರ್ ಫೀಲ್ಡಿಗೆ (ಹೆಚ್ಚು ಹಿಗ್ಗಿಸಿದಾಗ ಒಮ್ಮೆಗೆ ಕಾಣುವ ವೃತ್ತ) 3 ಅಥವಾ ಹೆಚ್ಚು ಕೆಂಪು ಕಣ ಕಂಡರೆ ಮಾತ್ರ ಅದು ರಕ್ತಮೂತ್ರ. ಸ್ನಾಯು ನಾಶವಾದಾಗ ಬರುವ ಮಯೋಗ್ಲೋಬಿನ್, ವೀರ್ಯ, ಬಾಟಲಿಗೆ ಅಂಟಿಕೊಂಡ ಬ್ಲೀಚ್‌ನಂಥ ರಾಸಾಯನಿಕ, ಇವೆಲ್ಲ ಪಟ್ಟಿಯನ್ನು ಸುಳ್ಳಾಗಿ ಪಾಸಿಟಿವ್ ಮಾಡುತ್ತವೆ. ಮುಟ್ಟಿನ ದಿನಗಳಲ್ಲಿ ಕೊಟ್ಟ ಮಾದರಿಯಾಗಿದ್ದರೆ ಮತ್ತೆ ಮಾಡಿಸಿ. ಸೋಂಕಿದ್ದರೆ ಚಿಕಿತ್ಸೆ ಮುಗಿಸಿ ಮರುಪರೀಕ್ಷೆ ಮಾಡಿಸಿ, ಆ ಫಲಿತಾಂಶವನ್ನೇ ಲಗತ್ತಿಸಿ.

ಮುಂದಿನ ತೀರ್ಮಾನ ನಿಂತಿರುವುದು ಅಪಾಯದ ಮಟ್ಟದ ಮೇಲೆ. ಅಮೆರಿಕನ್ ಯೂರಾಲಜಿಕಲ್ ಅಸೋಸಿಯೇಷನ್‌ನ 2020ರ ಮಾರ್ಗಸೂಚಿ (2025ರಲ್ಲಿ ತಿದ್ದುಪಡಿಯಾಗಿದೆ) ವಯಸ್ಸು, ಲಿಂಗ, ಧೂಮಪಾನ, ಕಣಗಳ ಸಂಖ್ಯೆ ಇವುಗಳಿಂದ ರೋಗಿಗಳನ್ನು ಮೂರು ಗುಂಪು ಮಾಡುತ್ತದೆ. 10 ಪ್ಯಾಕ್-ವರ್ಷಕ್ಕಿಂತ (ದಿನಕ್ಕೆ ಸೇದಿದ ಪ್ಯಾಕ್‌ಗಳನ್ನು ವರ್ಷಗಳಿಂದ ಗುಣಿಸಿದ ಲೆಕ್ಕ) ಕಡಿಮೆ ಧೂಮಪಾನ, 3ರಿಂದ 10 ಕಣ ಕೆಳಗಿನ ಗುಂಪಿನ ಲಕ್ಷಣ. 10ರಿಂದ 30 ಪ್ಯಾಕ್-ವರ್ಷ, 11ರಿಂದ 25 ಕಣ ಮಧ್ಯಮ. ಅದಕ್ಕೂ ಮೇಲಿನದು ಹೆಚ್ಚಿನ ಅಪಾಯ. ಯಾವುದಾದರೂ ಒಂದು ಅಂಶ ಮೇಲಿನ ಗುಂಪಿನಲ್ಲಿದ್ದರೆ ರೋಗಿಯೂ ಆ ಗುಂಪಿಗೇ ಸೇರುತ್ತಾರೆ. ಕಡಿಮೆ ಅಪಾಯದವರಿಗೆ 6 ತಿಂಗಳೊಳಗೆ ಮೂತ್ರದ ಮರುಪರೀಕ್ಷೆ ಸಾಕಾಗಬಹುದು. ಹೆಚ್ಚಿನ ಅಪಾಯದವರಿಗೆ ಸಿಸ್ಟೋಸ್ಕೋಪಿಯೂ ಸಿಟಿ ಯೂರೋಗ್ರಾಮೂ (ಕಿಡ್ನಿ, ಮೂತ್ರನಾಳಗಳ ಸಿಟಿ ಸ್ಕ್ಯಾನ್) ಬೇಕು. ಆದ್ದರಿಂದ "ಧೂಮಪಾನ: ಹೌದು" ಎಂದು ಬರೆದರೆ ಪ್ರಯೋಜನವಿಲ್ಲ. ದಿನಕ್ಕೆ 20 ಸಿಗರೇಟಿನ ಎಷ್ಟು ಪ್ಯಾಕ್, ಎಷ್ಟು ವರ್ಷ, ಬಿಟ್ಟಿದ್ದರೆ ಯಾವಾಗ ಎಂದು ಬರೆಯಿರಿ. ಬಣ್ಣ, ರಬ್ಬರ್ ಕಾರ್ಖಾನೆಗಳಲ್ಲಿ ದುಡಿದಿದ್ದರೆ ಅದನ್ನೂ ಸೇರಿಸಿ.

ಇಲ್ಲಿ ಪದೇ ಪದೇ ಆಗುವ ತಪ್ಪೆಂದರೆ ವಾರ್ಫರಿನ್, ಆಸ್ಪಿರಿನ್‌ನಂಥ ರಕ್ತ ತೆಳುಮಾಡುವ ಮಾತ್ರೆಯ ಮೇಲೆ ಹೊರೆ ಹಾಕಿ ಸುಮ್ಮನಾಗುವುದು. ಆ ಮಾತ್ರೆ ತೆಗೆದುಕೊಳ್ಳುವವರಿಗೂ ತಪಾಸಣೆ ಎಲ್ಲರಂತೆಯೇ ನಡೆಯಬೇಕು. ಇನ್ನು ಮೂತ್ರದಲ್ಲಿ ಪ್ರೋಟೀನ್, ಕೆಂಪು ಕಣಗಳ ಕ್ಯಾಸ್ಟ್ (ಕಿಡ್ನಿಯ ಸಣ್ಣ ನಾಳಗಳಲ್ಲಿ ಅಚ್ಚಾದ ತುಣುಕು), ಏರಿದ ಕ್ರಿಯೇಟಿನಿನ್ (ಕಿಡ್ನಿಯ ಕೆಲಸ ತೋರುವ ರಕ್ತದ ಅಂಕಿ) ಜೊತೆಗಿದ್ದರೆ ಕಿಡ್ನಿ ಕಾಯಿಲೆಯ ತಜ್ಞರಾದ ನೆಫ್ರಾಲಜಿಯವರಿಗೂ ಪ್ರಶ್ನೆ ಹೋಗಲಿ. ಅಷ್ಟಕ್ಕೆ ಯೂರಾಲಜಿ ತಪಾಸಣೆ ರದ್ದಾಗುವುದಿಲ್ಲ.

ಪಿಎಸ್‌ಎ. ಒಂದೇ ಅಂಕಿ ಇಟ್ಟುಕೊಂಡು ಕಳಿಸಬೇಡಿ, ಮರುಪರೀಕ್ಷೆ ಮಾಡಿಸಿ. ಮೂತ್ರದ ಸೋಂಕು ಅಥವಾ ಪ್ರಾಸ್ಟೇಟ್ ಉರಿಯೂತ ಆಗಿದ್ದರೆ ಕನಿಷ್ಠ 6 ವಾರ ಬಿಡಿ. ಪರೀಕ್ಷೆಗೆ ಮುಂಚಿನ 48 ಗಂಟೆ ವೀರ್ಯಸ್ಖಲನ, ಸೈಕಲ್ ಸವಾರಿಯಂಥ ಭಾರಿ ವ್ಯಾಯಾಮ ಬೇಡವೆಂದು ರೋಗಿಗೆ ಮೊದಲೇ ಹೇಳಿರಿ.

ಪ್ರಾಸ್ಟೇಟ್ ಕುಗ್ಗಿಸುವ ಫಿನಾಸ್ಟರೈಡ್ ಅಥವಾ ಡ್ಯುಟಾಸ್ಟರೈಡ್ ಮಾತ್ರೆಯನ್ನು ಆರು ತಿಂಗಳಿಂದ ಒಂದು ವರ್ಷ ತೆಗೆದುಕೊಂಡವರಲ್ಲಿ ಪಿಎಸ್‌ಎ ಸುಮಾರು ಅರ್ಧಕ್ಕೆ ಇಳಿಯುತ್ತದೆ. ವರದಿಯಲ್ಲಿ 3 ಎಂದಿದ್ದರೆ ಅದನ್ನು 6 ಎಂದೇ ಓದಬೇಕು. ಮಾತ್ರೆ ನುಂಗುತ್ತಿರುವಾಗಲೇ ಅಂಕಿ ಏರಿದರೆ, ಏರಿಕೆ ಸಣ್ಣದಾದರೂ ಗಮನಿಸಬೇಕಾದದ್ದು. ಕೂದಲು ಉದುರದಿರಲು ತೆಗೆದುಕೊಳ್ಳುವ 1 ಮಿ.ಗ್ರಾಂ ಫಿನಾಸ್ಟರೈಡ್‌ಗೂ ಇದೇ ಪರಿಣಾಮವಿದೆ. ಅದನ್ನು ರೋಗಿಗಳು "ಮಾತ್ರೆ" ಎಂದು ಲೆಕ್ಕಕ್ಕೇ ಹಿಡಿಯುವುದಿಲ್ಲ, ಬಾಯಿಬಿಟ್ಟು ಕೇಳಬೇಕು.

ಪ್ರಾಸ್ಟೇಟ್ ಗಾತ್ರ ಗೊತ್ತಿದ್ದರೆ ತಪ್ಪದೇ ಬರೆಯಿರಿ. ಪಿಎಸ್‌ಎಯನ್ನು ಗಾತ್ರದಿಂದ ಭಾಗಿಸಿದರೆ ಸಾಂದ್ರತೆ ಸಿಗುತ್ತದೆ, 0.15 ದಾಟಿದರೆ ಅನುಮಾನ ಹೆಚ್ಚು. ಪಿಎಸ್‌ಎ 5.2 ಇದ್ದು ಗ್ರಂಥಿ 60 ಮಿ.ಲೀ. ಇದ್ದವರಲ್ಲಿ ಇದು 0.09ರ ಆಸುಪಾಸು. ಅದೇ 5.2, ಗ್ರಂಥಿ 25 ಮಿ.ಲೀ. ಆದರೆ 0.21. ಅಂಕಿ ಒಂದೇ, ರೋಗಿಗಳು ಬೇರೆ ಬೇರೆ. ಬೆರಳಿನ ಪರೀಕ್ಷೆಯಲ್ಲಿ ಗಟ್ಟಿ ಗಂಟು ಸಿಕ್ಕಿದ್ದರೆ ಈ ಲೆಕ್ಕಗಳೆಲ್ಲ ಪಕ್ಕಕ್ಕೆ, ನೇರ ಭೇಟಿ.

ಮೂತ್ರ ಹೋಗುವ ತೊಂದರೆ. ಐಪಿಎಸ್‌ಎಸ್ (ಮೂತ್ರದ ತೊಂದರೆ ಅಳೆಯುವ ಪ್ರಶ್ನಾವಳಿ) ಅಂಕ ಬೇಕು: 7ರವರೆಗೆ ಸೌಮ್ಯ, 8ರಿಂದ 19 ಮಧ್ಯಮ, 20ರಿಂದ 35 ತೀವ್ರ. ಇದರ ಜೊತೆ "ಹೀಗೇ ಇದ್ದರೆ ನಿಮಗೆ ಹೇಗನ್ನಿಸುತ್ತದೆ" ಎಂಬ ಪ್ರಶ್ನೆಯ ಅಂಕವನ್ನೂ ಕೊಡಿ, ಏಕೆಂದರೆ ಚಿಕಿತ್ಸೆ ಬೇಕೋ ಬೇಡವೋ ಎಂಬುದನ್ನು ಹೇಳುವುದು ಅದೇ. ಮೂರು ದಿನದ ಮೂತ್ರದ ದಿನಚರಿ ಬರೆಸಿ: ಯಾವಾಗ, ಎಷ್ಟು ಮಿ.ಲೀ., ಎಷ್ಟು ಕುಡಿದದ್ದು. ರಾತ್ರಿ ನಾಲ್ಕು ಸಲ ಏಳುತ್ತಾರೆಂದು ಪ್ರಾಸ್ಟೇಟಿಗೆ ಮಾತ್ರೆ ಮೇಲೆ ಮಾತ್ರೆ ಕೊಟ್ಟವರ ದಿನಚರಿ ನೋಡಿದರೆ, ಇಡೀ ದಿನದ ಮೂತ್ರದಲ್ಲಿ ಮೂರನೇ ಒಂದಕ್ಕಿಂತ ಹೆಚ್ಚು ರಾತ್ರಿಯೇ ತಯಾರಾಗುತ್ತಿರುವುದು ಆಗಾಗ ಕಾಣುತ್ತದೆ. ಅಲ್ಲಿ ಹುಡುಕಬೇಕಾದದ್ದು ಕಾಲಿನ ಬಾವು, ಹೃದಯ, ನಿದ್ರೆಯ ಉಸಿರುಗಟ್ಟುವಿಕೆ, ಸಂಜೆ ನುಂಗುವ ಮೂತ್ರವರ್ಧಕ.

ಮೂತ್ರ ಮಾಡಿದ ನಂತರ ಒಳಗೆ ಉಳಿಯುವ ಪ್ರಮಾಣ ಬರೆಯುವಾಗ ಒಂದು ಎಚ್ಚರಿಕೆ. ಸ್ಕ್ಯಾನಿಗೆಂದು ನೀರು ಕುಡಿಸಿ, ಗಂಟೆಗಟ್ಟಲೆ ತಡೆಹಿಡಿಸಿ, ಆಮೇಲೆ ಅವಸರದಲ್ಲಿ ಮೂತ್ರ ಮಾಡಿಸಿದರೆ ಉಳಿಕೆ ಸುಳ್ಳಾಗಿ ಹೆಚ್ಚು ಬರುತ್ತದೆ. 200 ಮಿ.ಲೀ. ಎಂದು ಬಂದರೆ ಮಾಮೂಲಿ ಒತ್ತಡ ಬಂದಾಗ ಇನ್ನೊಮ್ಮೆ ಅಳೆಸಿ. ಕೊಟ್ಟ ಮಾತ್ರೆಗಳ ಹೆಸರು, ಪ್ರಮಾಣ, ಎಷ್ಟು ವಾರ ಎಂಬುದೂ ಬೇಕು. ಮೂತ್ರದ ದಾರಿ ಸಡಿಲಿಸುವ ಟ್ಯಾಮ್ಸುಲೋಸಿನ್ 0.4 ಮಿ.ಗ್ರಾಂ ಕೆಲವು ದಿನಗಳಲ್ಲೇ ಗುಣ ತೋರಿಸುತ್ತದೆ, ಫಿನಾಸ್ಟರೈಡ್ 5 ಮಿ.ಗ್ರಾಂಗೆ ಆರು ತಿಂಗಳಾದರೂ ಬೇಕು. ಎರಡು ತಿಂಗಳಿಗೇ "ಫಿನಾಸ್ಟರೈಡ್ ಕೆಲಸ ಮಾಡಲಿಲ್ಲ" ಎಂದು ಬರೆದರೆ ತಜ್ಞರು "ಮುಂದುವರಿಸಿ" ಎನ್ನುತ್ತಾರಷ್ಟೆ. ನೆಗಡಿಯ ಮಾತ್ರೆ, ಅಲರ್ಜಿಯ ಮಾತ್ರೆ, ಖಿನ್ನತೆ ಮತ್ತು ನರನೋವಿಗೆ ಕೊಡುವ ಅಮಿಟ್ರಿಪ್ಟಿಲಿನ್ ಇವೂ ಮೂತ್ರ ಕಟ್ಟಿಸುತ್ತವೆ; ಪಟ್ಟಿಯಿಂದ ಬಿಡಬೇಡಿ.

ಕಲ್ಲು. ಅತಿ ದೊಡ್ಡ ಅಳತೆ ಮಿ.ಮೀ.ನಲ್ಲಿ, ಇರುವ ಜಾಗ, ಕಿಡ್ನಿ ಊದಿದೆಯೇ, ಕ್ರಿಯೇಟಿನಿನ್, ನೋವು ಶುರುವಾದ ದಿನಾಂಕ. ಮೂತ್ರನಾಳದ ಕೆಳಭಾಗದಲ್ಲಿ 10 ಮಿ.ಮೀ.ವರೆಗಿನ ಕಲ್ಲನ್ನು, ಸೋಂಕಿಲ್ಲದೆ ನೋವು ಹತೋಟಿಯಲ್ಲಿದ್ದರೆ, 4ರಿಂದ 6 ವಾರ ಕಾದು ನೋಡಬಹುದು. ನೋವು ನಿಂತಿತೆಂದರೆ ಕಲ್ಲು ಹೋಯಿತೆಂದು ಅರ್ಥವಲ್ಲ. ಹೋದದ್ದನ್ನು ರೋಗಿ ಕಣ್ಣಾರೆ ಕಂಡಿರಬೇಕು, ಇಲ್ಲವೇ ಸ್ಕ್ಯಾನ್ ಹೇಳಬೇಕು. ಸದ್ದಿಲ್ಲದೆ ಕಟ್ಟಿಕೊಂಡೇ ಉಳಿದ ಕಲ್ಲು ಕಿಡ್ನಿಯನ್ನೇ ತಿಂದುಹಾಕಬಲ್ಲದು. ಮತ್ತೆ ಮತ್ತೆ ಕಲ್ಲಾಗುವವರ ಬಗ್ಗೆ ಕೇಳುವಾಗ ಕಲ್ಲಿನ ರಾಸಾಯನಿಕ ವಿಶ್ಲೇಷಣೆ ಲಗತ್ತಿಸಿ. ದಿನಕ್ಕೆ ಎರಡೂವರೆ ಲೀಟರ್ ಮೂತ್ರ ಹೋಗುವಷ್ಟು ನೀರು ಕುಡಿಯಲು ಹೇಳುವುದಕ್ಕೆ ತಜ್ಞರ ಉತ್ತರ ಕಾಯಬೇಕಿಲ್ಲ.

ಕಿಡ್ನಿ ಸಿಸ್ಟ್. ವರದಿಯ ವಾಕ್ಯವನ್ನು ಇದ್ದಂತೆಯೇ ನಕಲು ಮಾಡಿ. ಬೋಸ್ನಿಯಾಕ್ (ಸ್ಕ್ಯಾನಿನಲ್ಲಿ ಸಿಸ್ಟ್ ಎಷ್ಟು ಅನುಮಾನಾಸ್ಪದ ಎಂದು ಹೇಳುವ ದರ್ಜೆ) 1, 2 ಆದರೆ ಏನೂ ಮಾಡಬೇಕಿಲ್ಲ, ಇ-ಕನ್ಸಲ್ಟ್ ಕೂಡ ಬೇಡ. 2ಎಫ್ ಆದರೆ ಎಷ್ಟು ದಿನಕ್ಕೊಮ್ಮೆ ಯಾವ ಸ್ಕ್ಯಾನ್ ಎಂದು ಕೇಳಿ. 3, 4 ನೇರ ರೆಫರಲ್.

ಮರುಕಳಿಸುವ ಸೋಂಕು. ಆರು ತಿಂಗಳಲ್ಲಿ 2 ಅಥವಾ ವರ್ಷದಲ್ಲಿ 3 ಸಲ ಆದರೆ ಮರುಕಳಿಕೆ. ಪ್ರತಿ ಸಲದ ಕಲ್ಚರ್ ದಿನಾಂಕ, ಕ್ರಿಮಿ, ಯಾವ ಔಷಧಕ್ಕೆ ಬಗ್ಗುತ್ತದೆ ಎಂಬುದು, ಆಗ ಇದ್ದ ಲಕ್ಷಣ. ಲಕ್ಷಣವಿಲ್ಲದೆ ಕಲ್ಚರ್ ಮಾತ್ರ ಪಾಸಿಟಿವ್ ಆದವರಿಗೆ, ಗರ್ಭಿಣಿಯರು ಮತ್ತು ಮೂತ್ರಮಾರ್ಗದ ಶಸ್ತ್ರಕ್ರಿಯೆಗೆ ಹೊರಟವರನ್ನು ಬಿಟ್ಟು, ಆಂಟಿಬಯಾಟಿಕ್ ಬೇಕಿಲ್ಲ. ಕಾಯಂ ಕ್ಯಾಥೆಟರ್ (ಮೂತ್ರ ಹೊರಹರಿಸುವ ನಳಿಕೆ) ಇರುವವರ ಮೂತ್ರದಲ್ಲಿ ಕ್ರಿಮಿ ಇದ್ದೇ ಇರುತ್ತದೆ.

ಪುರುಷ ಹಾರ್ಮೋನ್ ಟೆಸ್ಟೋಸ್ಟೆರಾನ್ ಬಗ್ಗೆ ಕೇಳುವುದಾದರೆ ಬೇರೆ ಬೇರೆ ದಿನ ಬೆಳಗ್ಗೆ ಮಾಡಿಸಿದ ಎರಡು ಫಲಿತಾಂಶ ಇರಲಿ. ಮುಂದೆ ಮಕ್ಕಳು ಬೇಕೆಂಬ ಯೋಚನೆ ಇದೆಯೇ ಎಂದು ಕೇಳಿ ಬರೆಯಿರಿ; ಹೊರಗಿನಿಂದ ಕೊಡುವ ಟೆಸ್ಟೋಸ್ಟೆರಾನ್ ವೀರ್ಯಾಣು ಉತ್ಪತ್ತಿಯನ್ನು ತಗ್ಗಿಸುತ್ತದೆ. ಗಂಡುಮಗುವಿನ ವೃಷಣ 6 ತಿಂಗಳಾದರೂ ಕೆಳಗಿಳಿಯದಿದ್ದರೆ ಅಲ್ಟ್ರಾಸೌಂಡ್ ಬೇಡ, ಇ-ಕನ್ಸಲ್ಟ್ ಕೂಡ ಬೇಡ, ಮಕ್ಕಳ ಶಸ್ತ್ರವೈದ್ಯರ ಬಳಿಗೇ ಕಳಿಸಿ.

4. ಲಗತ್ತು ಮತ್ತು ಗೋಪ್ಯತೆ

ಸ್ಕ್ಯಾನಿನ ವರದಿ ಜೊತೆ ಚಿತ್ರಗಳೂ ತಜ್ಞರಿಗೆ ತೆರೆಯಬೇಕು. ಬೇರೆ ಕೇಂದ್ರದಲ್ಲಿ ಮಾಡಿಸಿದ ಸಿಟಿಯಾಗಿದ್ದರೆ ಕಳಿಸುವ ಮುನ್ನವೇ ನಿಮ್ಮ ವ್ಯವಸ್ಥೆಗೆ ಹಾಕಿಸಿ. ಕಾಗದದ ಮೇಲಿರುವ ವರದಿಯ ಫೋಟೋ ಹಾಕುವುದಾದರೆ ದಿನಾಂಕವೂ ಅಳತೆಯ ಏಕಕವೂ ಚೌಕಟ್ಟಿನೊಳಗೆ ಇವೆಯೇ ನೋಡಿಕೊಳ್ಳಿ. ಎಲ್ಲಕ್ಕಿಂತ ಹೆಚ್ಚಾಗಿ ಕತ್ತರಿಸಿ ಹೋಗುವುದು ಅವೆರಡೇ.

ಜನನಾಂಗದ ಫೋಟೋ ನಿಜವಾಗಿ ಬೇಕಾಗುವುದು ಚರ್ಮದ ಗಾಯ, ಬಣ್ಣಗೆಟ್ಟ ಮಚ್ಚೆಗಳಂಥ ಕೆಲವೇ ಸಂದರ್ಭಕ್ಕೆ. ರೋಗಿಯ ಲಿಖಿತ ಒಪ್ಪಿಗೆ ಪಡೆದು, ಮುಖವಾಗಲಿ ಹೆಸರಾಗಲಿ ಕಾಣದಂತೆ, ಕಡತದ ವ್ಯವಸ್ಥೆಯೊಳಗೇ ತೆಗೆಯಿರಿ. ನಿಮ್ಮ ಸ್ವಂತ ಫೋನಿನ ಗ್ಯಾಲರಿಯಲ್ಲಿ ಅದು ಉಳಿಯಬಾರದು. ಹೆಸರು ಸಮೇತ ಚಾಟ್ ಆ್ಯಪಿನಲ್ಲಿ ಕೇಳಿ ಉತ್ತರ ಪಡೆಯುವುದು ವೇಗವೇನೋ ಹೌದು. ಆದರೆ ಆ ಸಲಹೆ ಕಡತಕ್ಕೆ ಸೇರುವುದಿಲ್ಲ, ಮುಂದೆ ರೋಗಿಯನ್ನು ನೋಡುವ ವೈದ್ಯರಿಗೆ ಅದು ಇದ್ದದ್ದೇ ತಿಳಿಯುವುದಿಲ್ಲ.

ತಜ್ಞರ ಅಭಿಪ್ರಾಯ ಕೇಳುತ್ತಿದ್ದೇನೆ, ಅವರು ನಿಮ್ಮನ್ನು ನೋಡುವುದಿಲ್ಲ, ಕಡತ ಮಾತ್ರ ನೋಡುತ್ತಾರೆ ಎಂದು ರೋಗಿಗೆ ಮೊದಲೇ ಹೇಳಿ. ಕೆಲವು ವ್ಯವಸ್ಥೆಗಳಲ್ಲಿ ಇಬ್ಬರ ಬರಹವೂ ರೋಗಿಯ ಪೋರ್ಟಲಿನಲ್ಲಿ ನೇರವಾಗಿ ತೆರೆದುಕೊಳ್ಳುತ್ತದೆ. "ಕ್ಯಾನ್ಸರ್ ಅನುಮಾನ" ಎಂಬುದನ್ನು ರೋಗಿ ನಿಮ್ಮ ಬಾಯಿಂದ ಕೇಳುವ ಮುಂಚೆ ಫೋನಿನಲ್ಲಿ ಓದುವಂತಾಗಬಾರದು.

5. ತಜ್ಞರ ಉತ್ತರ ಹೇಗಿರಬೇಕು

ಉತ್ತರ ಬರೆಯುವ ಯೂರಾಲಜಿಸ್ಟರಿಗೆ ಎರಡು ಮಾತು. "ಮೇಲ್ವಿಚಾರಣೆ ಮುಂದುವರಿಸಿ" ಎಂಬ ವಾಕ್ಯ ಓದುವವರಿಗೆ ಏನೂ ಹೇಳುವುದಿಲ್ಲ. ಯಾವ ಪರೀಕ್ಷೆ, ಎಷ್ಟು ತಿಂಗಳಿಗೆ, ಯಾವ ಅಂಕಿ ದಾಟಿದರೆ ಏನು ಎಂದು ಬರೆಯಿರಿ. ಮೇಲಿನ 62 ವರ್ಷದ ರೋಗಿಗೆ ಹೀಗೆ: "ಪ್ರಾಸ್ಟೇಟ್ ಎಂಆರ್‌ಐ ಮಾಡಿಸಿ. ಪೈರಾಡ್ಸ್ (ಎಂಆರ್‌ಐ ನೋಡಿ ಕೊಡುವ ಕ್ಯಾನ್ಸರ್ ಅನುಮಾನದ ಅಂಕ) 1 ಅಥವಾ 2 ಬಂದರೆ ಸಾಂದ್ರತೆ 0.10 ಇರುವುದರಿಂದ ಸದ್ಯ ಬಯಾಪ್ಸಿ ಬೇಡ, 6 ತಿಂಗಳಿಗೆ ಪಿಎಸ್‌ಎ. 3 ಅಥವಾ ಮೇಲೆ ಬಂದರೆ ಭೇಟಿಗೆ ಕಳಿಸಿ, ಈ ಉತ್ತರವನ್ನು ಲಗತ್ತಿಸಿ." ಔಷಧವಾದರೆ ಪ್ರಮಾಣ, ಎಷ್ಟು ದಿನ, ಯಾವಾಗ ನಿಲ್ಲಿಸಬೇಕು. ವಯಸ್ಸಾದವರಿಗೆ ಅತಿಕ್ರಿಯಾಶೀಲ ಮೂತ್ರಕೋಶಕ್ಕೆಂದು ಮೂತ್ರಕೋಶದ ಸ್ನಾಯು ಸಡಿಲಿಸುವ ಆಕ್ಸಿಬ್ಯುಟಿನಿನ್‌ನಂಥದ್ದನ್ನು ಸೂಚಿಸುವ ಮುನ್ನ, ಮರೆವು ಮತ್ತು ಉಳಿಕೆ ಮೂತ್ರದ ಬಗ್ಗೆ ಕಡತದಲ್ಲಿ ಏನಿದೆ ಎಂದು ನೋಡಿ.

ಮಾಹಿತಿ ಸಾಲದಿದ್ದರೆ ಊಹಿಸಿ ಉತ್ತರಿಸಬೇಡಿ. ಬೇಕಾದ ಎರಡು ಮೂರು ಅಂಶಗಳನ್ನು ಹೆಸರಿಸಿ ಹಿಂದಿರುಗಿಸಿ. ಕಡತ ಓದುತ್ತಲೇ ಭೇಟಿ ಬೇಕೆನಿಸಿದರೆ, ಪ್ರಾಥಮಿಕ ವೈದ್ಯರಿಂದ ಇನ್ನೊಂದು ಅರ್ಜಿ ಕೇಳುವ ಬದಲು ಅದನ್ನೇ ರೆಫರಲ್ ಆಗಿ ಬದಲಿಸುವ ಅವಕಾಶ ವ್ಯವಸ್ಥೆಯಲ್ಲಿರಬೇಕು. ಭೇಟಿಗೆ ಮುಂಚೆ ಮಾಡಿಸಿಟ್ಟುಕೊಳ್ಳಬೇಕಾದ ಪರೀಕ್ಷೆಗಳನ್ನೂ ಅಲ್ಲೇ ಹೇಳಿಬಿಡಿ.

6. ಉತ್ತರ ಬಂದ ಮೇಲೆ

ಹೆಚ್ಚಿನ ಅವಘಡ ಸಂಭವಿಸುವುದು ಇಲ್ಲಿ. ತಜ್ಞರು ಸರಿಯಾಗಿಯೇ ಬರೆದಿರುತ್ತಾರೆ, ಆದರೆ ಅದು ಓದದೇ ಉಳಿದ ಸಂದೇಶಗಳ ನಡುವೆ ಕುಳಿತಿರುತ್ತದೆ. ರೋಗಿಯ ಹೊಣೆ ನಿಮ್ಮದೇ ಆಗಿ ಮುಂದುವರಿಯುತ್ತದೆ: ಸಲಹೆ ಒಪ್ಪುವುದು ಅಥವಾ ಬಿಡುವುದು, ಪರೀಕ್ಷೆ ಬರೆಯುವುದು, ಫಲಿತಾಂಶ ನೋಡುವುದು. ಉತ್ತರ ಓದಿದ ಕೂಡಲೇ ಈ ಕ್ರಮದಲ್ಲಿ ನಡೆಯಿರಿ.

1. ಸಲಹೆಯನ್ನು ಒಪ್ಪಿದಿರೋ ಇಲ್ಲವೋ ಕಡತದಲ್ಲಿ ಬರೆಯಿರಿ. ಒಪ್ಪದಿದ್ದರೆ ಕಾರಣ ಸಹಿತ.
2. ಪರೀಕ್ಷೆ, ಔಷಧಗಳ ಆದೇಶವನ್ನು ಅದೇ ಕೂರಿಕೆಯಲ್ಲಿ ಹಾಕಿ. "6 ತಿಂಗಳಿಗೆ ಪಿಎಸ್‌ಎ" ಎಂದಿದ್ದರೆ ಮುಂದಿನ ದಿನಾಂಕದ ಆದೇಶವೂ ನೆನಪಿನ ಸೂಚನೆಯೂ ಇಂದೇ ಆಗಲಿ.
3. ರೋಗಿಗೆ ತಿಳಿಸಿ: ತಜ್ಞರು ಏನೆಂದರು, ಏನು ಮಾಡಬೇಕು, ಯಾವ ಲಕ್ಷಣ ಕಂಡರೆ ಕಾಯದೆ ಬರಬೇಕು.
4. ರಜೆಯ ಮೇಲೆ ಹೋಗುವಾಗ ಅಥವಾ ಕೆಲಸ ಬಿಡುವಾಗ ಬಾಕಿ ಇರುವ ಇ-ಕನ್ಸಲ್ಟ್‌ಗಳ ಪಟ್ಟಿಯನ್ನು ಹೆಸರಿಸಿದ ಒಬ್ಬರಿಗೆ ಒಪ್ಪಿಸಿ. "ತಂಡಕ್ಕೆ" ಒಪ್ಪಿಸಿದರೆ ಯಾರಿಗೂ ಒಪ್ಪಿಸಿದಂತಾಗುವುದಿಲ್ಲ.

ಹೇಳಿದ ಅವಧಿಯಲ್ಲಿ ಉತ್ತರ ಬಾರದಿದ್ದರೆ ಎರಡನೇ ಇ-ಕನ್ಸಲ್ಟ್ ಕಳಿಸಬೇಡಿ, ಯೂರಾಲಜಿ ಕಚೇರಿಗೆ ಫೋನ್ ಮಾಡಿ. ಒಂದೇ ರೋಗಿಯ ಮೇಲೆ ಎರಡು ಪ್ರಶ್ನೆ ತೆರೆದಿದ್ದರೆ ಇಬ್ಬರು ತಜ್ಞರು ಎರಡು ಬಗೆಯ ಉತ್ತರ ಕೊಡುವುದುಂಟು. ಕಾಯುತ್ತಿರುವಾಗ ರೋಗಿಯ ಸ್ಥಿತಿ ಬದಲಾದರೆ, ಅಂದರೆ ಜ್ವರ ಬಂದರೆ, ಮೂತ್ರ ಕೆಂಪಾದರೆ, ಕ್ರಿಯೇಟಿನಿನ್ ಏರಿದರೆ, ಮೊದಲ ಹೆಜ್ಜೆಯ ಪಟ್ಟಿಗೆ ಮರಳಿ ನೋಡಿ, ಹಳೆಯ ಪ್ರಶ್ನೆಯನ್ನು ಮುಚ್ಚಿಬಿಡಿ.